ಚಲನಚಿತ್ರ ಪುನರುಜ್ಜೀವನ: ‘ಘಟಶ್ರಾದ್ಧ’ ಮತ್ತು ಕನ್ನಡದ ಹೊಸ ಅಲೆ

ಸವೆದ, ಹರಿದ, ಬೂಷ್ಟು ಹಿಡಿದ ಫಿಲ್ಮ್ ಸುರುಳಿಗಳಿಂದ ಒಂದು ಚಿತ್ರವನ್ನು, ಅದು ಮೊದಲು ತೆರೆಕಂಡಾಗ ಹೇಗಿತ್ತೋ ಆ ಸ್ಥಿತಿಗೆ ಆದಷ್ಟು ಹತ್ತಿರ ತಂದು ಚಿತ್ರಮಂದಿರಕ್ಕೂ ಮನೆಯ ಪರದೆಗೂ ಒದಗಿಸುವ ಕೆಲಸವೇ ಚಲನಚಿತ್ರ ಪುನರುಜ್ಜೀವನ. ಈ ಕಸುಬಿನವರು ಇದನ್ನು ರೆಸ್ಟೋರೇಶನ್ ಎಂದೇ ಕರೆಯುತ್ತಾರೆ. ಹಾಳಾದದ್ದನ್ನು ಸರಿಪಡಿಸುವುದು ಇದರ ಒಂದು ಭಾಗ. ಸರಿಪಡಿಸಿದ ಚಿತ್ರವನ್ನು ಹೊಸ ತಲೆಮಾರು ಮತ್ತೆ ನೋಡಿ, ಹಳೆಯ ತೀರ್ಮಾನಗಳನ್ನು ಒರೆಗೆ ಹಚ್ಚುವುದು ಇನ್ನೊಂದು ಭಾಗ. ಇವೆರಡರ ನಡುವೆ ಇರುವುದು ಮನೆಗೆ ತಲುಪಿಸುವ ಕೆಲಸ. ಕನ್ನಡದಲ್ಲಿ ಅತಿ ಕಡಿಮೆ ಗಮನ ಸಿಕ್ಕಿರುವುದು ಇದಕ್ಕೇ.

ಕನ್ನಡದ ಮಟ್ಟಿಗೆ ಈ ವಿಷಯದಲ್ಲಿ ಮೊದಲು ನೆನೆಯಬೇಕಾದ ಚಿತ್ರ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರದಲ್ಲಿ ಉಳಿದಿತ್ತು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ಫಿಲ್ಮ್ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು ಇಟಲಿಯ ಬೊಲೋನ್ಯ ನಗರದ ಲಿಮ್ಮಾಜಿನೆ ರಿತ್ರೊವಾತ ಪ್ರಯೋಗಶಾಲೆಯಲ್ಲಿ 4ಕೆ ಮಟ್ಟದಲ್ಲಿ ಪುನರುಜ್ಜೀವನಗೊಳಿಸಿದವು. ಹಾಬ್ಸನ್-ಲ್ಯೂಕಾಸ್ ಫ್ಯಾಮಿಲಿ ಫೌಂಡೇಶನ್ ಹಣ ಕೊಟ್ಟಿತು. 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಚಿತ್ರ ಪ್ರದರ್ಶನಗೊಂಡಿತು. ನಿರ್ಮಾಪಕ ಸದಾನಂದ ಸುವರ್ಣ ಅದೇ ವರ್ಷ ಜುಲೈನಲ್ಲಿ ತೀರಿಕೊಂಡಿದ್ದರು. ಛಾಯಾಗ್ರಾಹಕ ಎಸ್. ರಾಮಚಂದ್ರ 2011ರಲ್ಲೇ ಇಲ್ಲವಾಗಿದ್ದರು.

ಯುರೋಪಿನ ದಾರಿ

ಹಳೆಯ ಚಿತ್ರಗಳನ್ನು ಉಳಿಸಿ ಮನೆಗೆ ತಲುಪಿಸುವ ಶಿಸ್ತು ಬೆಳೆದದ್ದು ಹೆಚ್ಚಾಗಿ ಯುರೋಪಿನ ನಿರ್ದೇಶಕರ ಸುತ್ತ. 1984ರಲ್ಲಿ ಅಮೆರಿಕದಲ್ಲಿ ಶುರುವಾದ ಕ್ರೈಟೀರಿಯನ್ ಕಲೆಕ್ಷನ್ ಸಂಸ್ಥೆ ಲೇಸರ್ ಡಿಸ್ಕ್ ಕಾಲದಿಂದಲೇ ಎರಡು ರೂಢಿಗಳನ್ನು ಹಾಕಿಕೊಟ್ಟಿತು. ಚೌಕಟ್ಟಿನ ಅಂಚುಗಳನ್ನು ಟಿವಿಗಾಗಿ ಕತ್ತರಿಸದೆ ಇಡೀ ಚಿತ್ರವನ್ನು ತೋರಿಸುವುದು ಒಂದು. ತಿಳಿದವರ ವ್ಯಾಖ್ಯಾನ, ಸಂದರ್ಶನ, ಪ್ರಬಂಧಗಳನ್ನು ಜೊತೆಗೆ ಕೊಡುವುದು ಇನ್ನೊಂದು. ಇಂಗ್ಮಾರ್ ಬರ್ಗ್‌ಮನ್ ಶತಮಾನೋತ್ಸವದ ವರ್ಷವಾದ 2018ರಲ್ಲಿ ಇದೇ ಸಂಸ್ಥೆ ಅವರ 39 ಚಿತ್ರಗಳನ್ನು ಒಂದೇ ಪೆಟ್ಟಿಗೆಯಲ್ಲಿ ತಂದಿತು. ಅದರ ಹಿಂದೆ ಸ್ವೀಡನ್ನಿನ ಚಲನಚಿತ್ರ ಸಂಸ್ಥೆ ಹಲವು ದಶಕ ಕಾಪಿಟ್ಟ ನೆಗೆಟಿವ್‌ಗಳಿದ್ದವು. ಒಬ್ಬ ನಿರ್ದೇಶಕನ ಆರಂಭದ ಎಡವಿದ ಚಿತ್ರಗಳೂ ಕೊನೆಯ ಪ್ರೌಢ ಚಿತ್ರಗಳೂ ಒಟ್ಟಿಗೆ ಕೈಗೆ ಸಿಕ್ಕಾಗ ವಿಮರ್ಶೆಯ ದಿಕ್ಕೇ ಬದಲಾಗುತ್ತದೆ. ಒಂದೆರಡು ಪ್ರಸಿದ್ಧ ಚಿತ್ರಗಳ ಮೇಲೆ ಕಟ್ಟಿದ್ದ ಅಭಿಪ್ರಾಯವನ್ನು ಮೂವತ್ತು ಚಿತ್ರಗಳ ಎದುರು ಮತ್ತೆ ಕಟ್ಟಬೇಕಾಗುತ್ತದೆ.

ಭಾರತದ ಚಿತ್ರಗಳು ಈ ದಾರಿಗೆ ಬಂದದ್ದು ತಡವಾಗಿ. ಅದರಲ್ಲಿ ಸತ್ಯಜಿತ್ ರಾಯ್ ಅವರ ಅಪು ತ್ರಿವಳಿಯ ಕಥೆ ಬಿಡಿಸಿ ಹೇಳಬೇಕಾದದ್ದು. 1993ರಲ್ಲಿ ಲಂಡನ್ನಿನ ಹೆಂಡರ್‌ಸನ್ ಲ್ಯಾಬಿಗೆ ಬೆಂಕಿ ಬಿದ್ದು ಮೂಲ ನೆಗೆಟಿವ್‌ಗಳು ಸುಟ್ಟವು. ಸುಟ್ಟು ಸೆಟೆದ ಆ ಸುರುಳಿಗಳನ್ನು ಎಸೆಯದೆ ಅಮೆರಿಕದ ಅಕಾಡೆಮಿ ಫಿಲ್ಮ್ ಆರ್ಕೈವ್ ಜೋಪಾನ ಮಾಡಿತು. ಇಪ್ಪತ್ತು ವರ್ಷಗಳ ಮೇಲೆ ಬೊಲೋನ್ಯದ ಅದೇ ಪ್ರಯೋಗಶಾಲೆಯಲ್ಲಿ ಅವುಗಳಿಗೆ ಮತ್ತೆ ತೇವ ಕುಡಿಸಿ, ಕರಗಿದ ರಂಧ್ರದ ಅಂಚುಗಳನ್ನು ಕೈಯಿಂದಲೇ ಕಟ್ಟಿ, ಹಳೆಯ ಅಂಟು ಮತ್ತು ಮೇಣ ಕೆರೆದು ಸ್ಕ್ಯಾನ್ ಮಾಡಿದರು. ‘ಪಥೇರ್ ಪಾಂಚಾಲಿ’ಯ ಸುಮಾರು ಶೇ. 40ರಷ್ಟು, ‘ಅಪರಾಜಿತೊ’ದ ಶೇ. 60ಕ್ಕೂ ಹೆಚ್ಚು ಭಾಗ ಆ ಸುಟ್ಟ ನೆಗೆಟಿವ್‌ನಿಂದಲೇ ಸಿಕ್ಕಿತು. 2015ರಲ್ಲಿ ನ್ಯೂಯಾರ್ಕಿನಲ್ಲಿ ಮೂರೂ ಚಿತ್ರಗಳು ಮತ್ತೆ ತೆರೆಕಂಡವು. ಪೂರ್ತಿ ಹೋಯಿತೆಂದು ಕೈಬಿಟ್ಟದ್ದರಲ್ಲೂ ಏನಾದರೂ ಉಳಿದಿರುತ್ತದೆ ಎಂಬ ಭರವಸೆ ಈ ಕಸುಬಿಗೆ ಬಂದದ್ದು ಇಂಥ ಕೆಲಸಗಳಿಂದ.

ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅನ್ನು ಶಿವೇಂದ್ರ ಸಿಂಗ್ ಡುಂಗರ್‌ಪುರ್ 2014ರಲ್ಲಿ ಸ್ಥಾಪಿಸಿದರು. ಪುಣೆಯ ಭಂಡಾರವನ್ನು ಕಟ್ಟಿದ ಪಿ.ಕೆ. ನಾಯರ್ ಅವರನ್ನು ಕುರಿತು ಅದಕ್ಕೂ ಮೊದಲು ‘ಸೆಲ್ಯುಲಾಯ್ಡ್ ಮ್ಯಾನ್’ (2012) ಎಂಬ ಸಾಕ್ಷ್ಯಚಿತ್ರ ಮಾಡಿದವರು ಅವರು. ಮಲಯಾಳದ ಜಿ. ಅರವಿಂದನ್ ಅವರ ‘ಕುಮ್ಮಾಟಿ’ ಮತ್ತು ‘ತಂಪ್’, ಮಣಿಪುರದ ‘ಇಶಾನೌ’, ಶ್ಯಾಮ್ ಬೆನಗಲ್ಲರ ‘ಮಂಥನ್’, ಒಡಿಯಾದ ‘ಮಾಯಾ ಮಿರಿಗ’ ಈ ಸಂಸ್ಥೆಯ ಕೈಯಲ್ಲಿ ಮರುಜೀವ ಪಡೆದವು. ‘ಕುಮ್ಮಾಟಿ’ಯ ಮೂಲ ನೆಗೆಟಿವ್ ಉಳಿದಿರಲಿಲ್ಲ. ಪುಣೆಯಲ್ಲಿದ್ದ ಹಳೆಯ ಪ್ರಿಂಟ್‌ಗಳಿಂದಲೇ ಅದನ್ನು ಎತ್ತಬೇಕಾಯಿತು. ಆ ದೃಷ್ಟಿಯಿಂದ ‘ಘಟಶ್ರಾದ್ಧ’ ಅದೃಷ್ಟವಂತ ಚಿತ್ರ.

ಕನ್ನಡದಲ್ಲಿ ಉಳಿದದ್ದು, ಹೋದದ್ದು

ಕನ್ನಡದಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934). ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ನಟಿಸಿದ, ಕೊಲ್ಹಾಪುರದ ಸ್ಟುಡಿಯೋದಲ್ಲಿ ತೆಗೆದ ಈ ಚಿತ್ರದ ಪ್ರತಿ ಇಂದು ಇಲ್ಲ. ಭಾರತದ ಕಾನೂನಿನಲ್ಲಿ ಚಿತ್ರವೊಂದರ ಹಕ್ಕುಸ್ವಾಮ್ಯ, ಅದು ಪ್ರಕಟವಾದ ಮರುವರ್ಷದಿಂದ ಅರವತ್ತು ವರ್ಷ. ಹಾಗಾಗಿ ‘ಸತಿ ಸುಲೋಚನ’ 1990ರ ದಶಕದಲ್ಲೇ ಎಲ್ಲರ ಸೊತ್ತಾಯಿತು. ನೋಡಲು ಮಾತ್ರ ಒಂದು ಅಡಿ ಫಿಲ್ಮೂ ಇಲ್ಲ.

ಆಗಿನ ಫಿಲ್ಮ್ ನೈಟ್ರೇಟ್‌ನದು, ಬೇಗ ಹತ್ತಿ ಉರಿಯುವಂಥದ್ದು. ಪುಣೆಯಲ್ಲಿ ನೈಟ್ರೇಟ್ ಸುರುಳಿಗಳಿಟ್ಟಿದ್ದ ಕೋಣೆಗೆ 2003ರಲ್ಲಿ ಬೆಂಕಿ ಬಿದ್ದು ಎಷ್ಟೋ ಹಳೆಯ ಭಾರತೀಯ ಚಿತ್ರಗಳು ಬೂದಿಯಾದವು. ನಂತರ ಬಂದ ಅಸಿಟೇಟ್ ಫಿಲ್ಮ್ ಉರಿಯದಿದ್ದರೂ, ಶಾಖ ಮತ್ತು ತೇವಕ್ಕೆ ಸಿಕ್ಕರೆ ತಾನೇ ಕೊಳೆಯುತ್ತದೆ. ಡಬ್ಬಿ ಮುಚ್ಚಳ ತೆಗೆದರೆ ಹುಳಿ ವಿನಿಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಫಿಲ್ಮ್ ಕುಗ್ಗಿ, ಅಂಚು ಅಲೆಅಲೆಯಾಗಿ, ಕೊನೆಗೆ ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದಕ್ಕೆ ಮದ್ದಿಲ್ಲ. ತಣ್ಣಗಿನ ಒಣ ಕೋಣೆಯಲ್ಲಿಟ್ಟರೆ ಕೊಳೆಯುವ ವೇಗ ತಗ್ಗುತ್ತದೆ, ಅಷ್ಟೆ.

1970ರ ದಶಕದ ಹೊಸ ಅಲೆಯ ಚಿತ್ರಗಳಿಗೆ ಬೇರೆಯೇ ಕಷ್ಟವಿತ್ತು. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970), ಬಿ.ವಿ. ಕಾರಂತ-ಗಿರೀಶ ಕಾರ್ನಾಡರ ‘ವಂಶವೃಕ್ಷ’ (1971), ಕಾರ್ನಾಡರ ‘ಕಾಡು’ (1973), ಕಾರಂತರ ‘ಚೋಮನ ದುಡಿ’ (1975), ಲಂಕೇಶರ ‘ಪಲ್ಲವಿ’ (1976) ಇವುಗಳ ಹಿಂದೆ ದೊಡ್ಡ ಸ್ಟುಡಿಯೋಗಳಿರಲಿಲ್ಲ. ಗೆಳೆಯರು, ಸಾಹಿತಿಗಳು, ರಂಗಭೂಮಿಯವರು ಸಾಲ ಸೋಲ ಮಾಡಿ ತೆಗೆದ ಚಿತ್ರಗಳವು. ಹೊಡೆಸಿದ ಪ್ರಿಂಟ್‌ಗಳೇ ಕಡಿಮೆ, ಇದ್ದ ಪ್ರಿಂಟ್‌ಗಳು ಫಿಲ್ಮ್ ಸೊಸೈಟಿಯಿಂದ ಫಿಲ್ಮ್ ಸೊಸೈಟಿಗೆ ಓಡಾಡಿ ಸವೆದವು. ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಿಂದ ಇಂಥ ಚಿತ್ರಗಳನ್ನು ತೋರಿಸಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ರೈತರಿಗೆ ರಾಯ್, ಬರ್ಗ್‌ಮನ್ ಚಿತ್ರಗಳನ್ನು ತೋರಿಸಿತು, ಚಿತ್ರಕಥೆಗಳನ್ನು ಕನ್ನಡಕ್ಕೆ ತಂದಿತು. ಹಳ್ಳಿಯವರಿಗೆ ಕಲಾತ್ಮಕ ಚಿತ್ರ ಅರ್ಥವಾಗದು ಎಂಬ ಮಾತು ಸುಳ್ಳೆಂದು ಹೆಗ್ಗೋಡು ಐವತ್ತು ವರ್ಷ ಹಿಂದೆಯೇ ತೋರಿಸಿಕೊಟ್ಟಿದೆ. ಈ ಲೇಖನದ ಉಳಿದ ಭಾಗಕ್ಕೆ ಅದು ಆಧಾರ.

‘ಘಟಶ್ರಾದ್ಧ’

ಕಾಸರವಳ್ಳಿ ಹುಟ್ಟಿದ್ದು 1950ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ಮಣಿಪಾಲದಲ್ಲಿ ಔಷಧ ವಿಜ್ಞಾನ ಓದಿ, ಆ ದಾರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ‘ಚೋಮನ ದುಡಿ’ಗೆ ಸಹಾಯಕರಾಗಿ ದುಡಿದ ಮೇಲೆ ತಮ್ಮ ಮೊದಲ ಕಥಾಚಿತ್ರಕ್ಕೆ ಆರಿಸಿಕೊಂಡದ್ದು ಯು.ಆರ್. ಅನಂತಮೂರ್ತಿಯವರ ಕಥೆ. ಮಲೆನಾಡಿನ ಒಂದು ವೇದಪಾಠಶಾಲೆ. ಗುರು ಉಡುಪರ ಮಗಳು ಯಮುನಕ್ಕ ಬಾಲವಿಧವೆ. ಓದಲು ಬಂದ ಪುಟ್ಟ ಹುಡುಗ ನಾಣಿಗೆ ಅವಳೇ ತಾಯಿಯಂತೆ. ಅವಳು ಬಸುರಿಯಾದದ್ದು, ಗರ್ಭ ತೆಗೆಸಲು ಹೋದದ್ದು, ಊರು ಬಾಯಿ ತೆರೆದದ್ದು, ಎಲ್ಲವೂ ನಾಣಿಯ ಕಣ್ಣಳತೆಯಲ್ಲೇ ನಡೆಯುತ್ತದೆ. ಅವಳಿನ್ನೂ ಬದುಕಿರುವಾಗಲೇ ತಂದೆ ಅವಳ ಶ್ರಾದ್ಧ ಮಾಡಿ ಮುಗಿಸುತ್ತಾನೆ.

ಯಮುನಕ್ಕನಾಗಿ ಮೀನಾ ಕುಟ್ಟಪ್ಪ, ನಾಣಿಯಾಗಿ ಅಜಿತ್ ಕುಮಾರ್ ನಟಿಸಿದರು. ಸಂಗೀತ ಬಿ.ವಿ. ಕಾರಂತರದು. ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲ, ಸಂಗೀತ ಮತ್ತು ಬಾಲನಟ ಪ್ರಶಸ್ತಿಗಳು ಚಿತ್ರಕ್ಕೆ ಬಂದವು. ಮುಂದೆ ‘ತಬರನ ಕಥೆ’, ‘ತಾಯಿಸಾಹೇಬ’, ‘ದ್ವೀಪ’ ಚಿತ್ರಗಳಿಗೂ ಸ್ವರ್ಣಕಮಲ ಸಿಕ್ಕಿ, ಕಾಸರವಳ್ಳಿಯವರ ಹೆಸರಿನ ಹಿಂದೆ ‘ಪ್ರಶಸ್ತಿ’ ಎಂಬ ಪದ ಅಂಟಿಕೊಂಡಿತು. ಅದರಿಂದ ಅವರಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾಯಿತು ಎನ್ನಬೇಕು. ಪತ್ರಿಕೆಯಲ್ಲಿ ಪ್ರಶಸ್ತಿಯ ಸುದ್ದಿ ಓದಿದವರು ಲಕ್ಷಾಂತರ. ಚಿತ್ರವನ್ನು ಸರಿಯಾದ ಪ್ರಿಂಟ್‌ನಲ್ಲಿ, ಸರಿಯಾದ ಪರದೆಯ ಮೇಲೆ ನೋಡಿದವರು ಬಹಳ ಕಡಿಮೆ.

ನೋಡಿದವರಿಗೂ ಸಿಕ್ಕಿದ್ದು ಎಷ್ಟು? ವಿಸಿಡಿಯಲ್ಲಿ ಒಂದು ಚೌಕಟ್ಟಿಗೆ ಅಡ್ಡ 352, ಉದ್ದ 288 ಚುಕ್ಕೆಗಳು. ಅಂದರೆ ಒಟ್ಟು ಒಂದು ಲಕ್ಷ. ಡಿವಿಡಿಯಲ್ಲಿ ಅದು ನಾಲ್ಕು ಲಕ್ಷದಷ್ಟು. 4ಕೆ ಚಿತ್ರದಲ್ಲಿ 88 ಲಕ್ಷ. ‘ಘಟಶ್ರಾದ್ಧ’ ಕಪ್ಪು-ಬಿಳುಪಿನ ಚಿತ್ರ. ಅದರ ಬಹುಪಾಲು ಕಾರ್ಯ ನಡೆಯುವುದು ಮಲೆನಾಡಿನ ಮನೆಯ ಮಬ್ಬು ಒಳಾಂಗಣದಲ್ಲಿ, ದೀಪದ ಬೆಳಕಿನಲ್ಲಿ, ಕಾಡಿನ ರಾತ್ರಿಯಲ್ಲಿ. ಇಂಥ ಚಿತ್ರ ಒಂದು ಲಕ್ಷ ಚುಕ್ಕೆಗಳಿಗೆ ಇಳಿದಾಗ ಮೊದಲು ಸಾಯುವುದು ನೆರಳಿನೊಳಗಿನ ವಿವರ. ಕತ್ತಲಲ್ಲಿ ನಿಂತ ಹುಡುಗನ ಮುಖ, ಅವನ ಹಿಂದಿನ ಕಂಬ, ಕಂಬದಾಚೆಯ ಕತ್ತಲು ಮೂರೂ ಕಲಸಿ ಒಂದೇ ಬೂದು ಮುದ್ದೆಯಾಗುತ್ತದೆ. ‘ನಿಧಾನ’, ‘ಮಂಕು’ ಎಂದು ಈ ಚಿತ್ರದ ಮೇಲೆ ಬಂದ ದೂರಿನಲ್ಲಿ ಎಷ್ಟು ಪಾಲು ಚಿತ್ರದ್ದು, ಎಷ್ಟು ಪಾಲು ಕೆಟ್ಟ ಪ್ರತಿಯದ್ದು ಎಂದು ಈಗ ಕೇಳಲೇಬೇಕು. ಒಂದು ಶಾಟ್ ಪರದೆಯ ಮೇಲೆ ಹತ್ತು ಸೆಕೆಂಡು ನಿಂತರೆ ಆ ಹತ್ತು ಸೆಕೆಂಡಿನಲ್ಲಿ ಕಣ್ಣಿಗೆ ಏನಾದರೂ ಸಿಗಬೇಕು. ಸಿಗದಂತೆ ಮಾಡಿದ್ದು ಪ್ರತಿ. ಬೈಸಿಕೊಂಡವರು ನಿರ್ದೇಶಕರು.

ಕೊನೆಯ ದೃಶ್ಯವನ್ನೇ ತೆಗೆದುಕೊಳ್ಳಿ. ತಲೆ ಬೋಳಿಸಿಕೊಂಡು, ಊರಿನಿಂದ ಹೊರಬಿದ್ದ ಯಮುನಕ್ಕ ಮರದ ಕೆಳಗೆ ಒಬ್ಬಳೇ ಕೂತಿದ್ದಾಳೆ. ನಾಣಿಯನ್ನು ಅವನ ಮನೆಯವರು ಕರೆದೊಯ್ಯುತ್ತಿದ್ದಾರೆ. ದೂರದ ಶಾಟ್‌ನಲ್ಲಿ ಯಮುನಕ್ಕನ ಆಕೃತಿ ಬಹಳ ಚಿಕ್ಕದು. ಸಣ್ಣ ಟಿವಿಯಲ್ಲಿ, ಸವೆದ ಪ್ರತಿಯಲ್ಲಿ, ಅವಳು ಮರದ ಬುಡದಲ್ಲಿ ಒಂದು ಕಲೆ ಮಾತ್ರ. ಮುಖ ತಿರುಗಿಸಿ ಹೋದ ಊರು, ಅವಳನ್ನು ಬಿಟ್ಟು ಹೋಗಲಾರದ ಹುಡುಗ, ಇಬ್ಬರ ನಡುವೆ ಹಿಗ್ಗುವ ದೂರ. ದೃಶ್ಯದ ಶಕ್ತಿಯೆಲ್ಲ ಇರುವುದು ಈ ಅಳತೆಯಲ್ಲಿ. ಅಲ್ಲಿ ಕೂತಿರುವುದು ಒಬ್ಬ ಹೆಣ್ಣು ಎಂದು ಕಣ್ಣಿಗೆ ಗೊತ್ತಾಗದಿದ್ದರೆ ಆ ದೂರ ಎದೆಗೆ ನಾಟುವುದಿಲ್ಲ.

ಕೆಲಸ ನಡೆಯುವ ಬಗೆ

ಪುನರುಜ್ಜೀವನದ ಮೊದಲ ಹಂತ ಹುಡುಕಾಟ. ಮೂಲ ನೆಗೆಟಿವ್, ಅದರಿಂದ ತೆಗೆದ ನಕಲು ನೆಗೆಟಿವ್, ಪ್ರಿಂಟ್, ಶಬ್ದದ ನೆಗೆಟಿವ್ ಎಲ್ಲೆಲ್ಲಿವೆ, ಯಾವುದರ ಯಾವ ರೀಲು ಚೆನ್ನಾಗಿದೆ ಎಂದು ಜಗತ್ತಿನ ಭಂಡಾರಗಳನ್ನು ಕೇಳಬೇಕು. ಆಮೇಲೆ ಕೈಗೆಲಸ. ಫಿಲ್ಮ್ ಅನ್ನು ಬೆಳಕಿನ ಮೇಜಿನ ಮೇಲೆ ಹರಡಿ ಅಡಿಅಡಿಯಾಗಿ ತಡವಿ ನೋಡಿ, ಹರಿದ ರಂಧ್ರಗಳನ್ನು ಸರಿಪಡಿಸಿ, ಬಿಟ್ಟುಹೋದ ಜೋಡಣೆಗಳನ್ನು ಮತ್ತೆ ಅಂಟಿಸಿ, ಬೂಷ್ಟು ಒರೆಸಿ ತೊಳೆಯಬೇಕು. 35 ಎಂ.ಎಂ. ಫಿಲ್ಮ್‌ನಲ್ಲಿ ಸೆಕೆಂಡಿಗೆ 24 ಚೌಕಟ್ಟು. ಎರಡು ಗಂಟೆಯ ಚಿತ್ರಕ್ಕೆ 1,72,800 ಚೌಕಟ್ಟುಗಳು, ಹೆಚ್ಚುಕಡಿಮೆ 11,000 ಅಡಿ. ಸ್ಕ್ಯಾನಿಂಗ್ ವೇಳೆ ಫಿಲ್ಮ್ ಅನ್ನು ಒಂದು ದ್ರವದಲ್ಲಿ ಮುಳುಗಿಸಿ ಹಾಯಿಸುವ ಕ್ರಮವೂ ಇದೆ. ಆ ದ್ರವ ಗೀರುಗಳ ಒಳಗೆ ತುಂಬಿಕೊಂಡು ಬೆಳಕು ಅಲ್ಲಿ ವಕ್ರವಾಗದಂತೆ ನೋಡಿಕೊಳ್ಳುವುದರಿಂದ, ಫಿಲ್ಮ್‌ನ ಬೆನ್ನ ಮೇಲಿನ ಗೀರುಗಳು ಅರ್ಧಕ್ಕರ್ಧ ಅಲ್ಲೇ ಮಾಯವಾಗುತ್ತವೆ.

ಉಳಿದ ಗೀರು, ಧೂಳು, ನಡುಕ, ಮಿನುಗುಗಳನ್ನು ಕಂಪ್ಯೂಟರಿನಲ್ಲಿ ತೆಗೆಯುತ್ತಾರೆ. ಇಲ್ಲೇ ಅಪಾಯವೂ ಇರುವುದು. ಫಿಲ್ಮ್‌ಗೆ ತನ್ನದೇ ಒಂದು ಕಣಕಣದ ಮೈಯಿದೆ, ಗ್ರೇನ್. ಅದನ್ನೂ ಕೊಳೆ ಎಂದುಕೊಂಡು ಸಾಫ್ಟ್‌ವೇರಿಗೆ ಬಿಟ್ಟರೆ ಮುಖಗಳು ಮೇಣದ ಗೊಂಬೆಯಂತೆ ನುಣುಪಾಗುತ್ತವೆ. ಒಳ್ಳೆಯ ಪ್ರಯೋಗಶಾಲೆ ಎಲ್ಲಿ ನಿಲ್ಲಿಸಬೇಕೆಂದು ಬಲ್ಲದು. ಕೊನೆಗೆ ಗ್ರೇಡಿಂಗ್. ಬೆಳಕು ಎಷ್ಟು, ಕಪ್ಪು ಎಷ್ಟು ಕಪ್ಪು ಎಂಬುದನ್ನು ದೃಶ್ಯದಿಂದ ದೃಶ್ಯಕ್ಕೆ ನಿಗದಿ ಮಾಡುವ ಹಂತ ಇದು. ಇಲ್ಲಿ ಛಾಯಾಗ್ರಾಹಕ ಪಕ್ಕದಲ್ಲಿರುವುದು ವಾಡಿಕೆ. ‘ಋಷ್ಯಶೃಂಗ’ಕ್ಕೆ ರಾಷ್ಟ್ರಪ್ರಶಸ್ತಿ ಪಡೆದ, ಕನ್ನಡದ ಹೊಸ ಅಲೆಗೆ ಕಣ್ಣಾಗಿದ್ದ ಎಸ್. ರಾಮಚಂದ್ರ ಈಗ ಇಲ್ಲ. ನಿರ್ದೇಶಕರು ಇದ್ದಾರೆ ಎಂಬುದೇ ಸಮಾಧಾನ. ಇನ್ನು ಹತ್ತಿಪ್ಪತ್ತು ವರ್ಷ ಕಳೆದರೆ ಆ ಪೀಳಿಗೆಯ ಚಿತ್ರಗಳಿಗೆ ‘ಹೀಗಿತ್ತು’ ಎಂದು ಹೇಳುವವರೇ ಇರುವುದಿಲ್ಲ.

ಕನ್ನಡ ಪ್ರೇಕ್ಷಕರಿಗೆ ಹಳೆಯ ಚಿತ್ರ ‘ಹೊಸದಾಗಿ’ ಬಂದದ್ದು ಹೆಚ್ಚಾಗಿ ಬೇರೊಂದು ರೂಪದಲ್ಲಿ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಸಿಕೊಂಡು ಮರುಬಿಡುಗಡೆಯಾದವು. ‘ನಾಗರಹಾವು’ 2018ರಲ್ಲಿ ಹೊಸ ಶಬ್ದದೊಂದಿಗೆ ಬಂತು. ಮೊದಲೆರಡರಲ್ಲಿ ರಾಜಕುಮಾರರನ್ನು ಮತ್ತೆ ದೊಡ್ಡ ಪರದೆಯಲ್ಲಿ ನೋಡಿದ ಜನರ ಸಂತೋಷ ನಿಜವಾದದ್ದು, ಅದನ್ನು ಕಡೆಗಣಿಸಬಾರದು. ಆದರೂ ಬಣ್ಣ ತುಂಬುವುದು ಪುನರುಜ್ಜೀವನವಲ್ಲ. ಕಪ್ಪು-ಬಿಳುಪಿಗೆಂದೇ ಬೆಳಕು ಜೋಡಿಸಿದ ಛಾಯಾಗ್ರಾಹಕನ ತೀರ್ಮಾನವನ್ನು ಅದು ಅಳಿಸಿಹಾಕುತ್ತದೆ. ಬಣ್ಣದ ಪ್ರತಿ ಬರಲಿ, ಅಡ್ಡಿಯಿಲ್ಲ. ಅದರ ಪಕ್ಕದಲ್ಲೇ ಕಪ್ಪು-ಬಿಳುಪಿನ ಶುದ್ಧ ಪ್ರತಿಯೂ ಸಿಗಬೇಕು.

ಮೈಸೂರಿನವರಾದ ಎಂ.ಎಸ್. ಸತ್ಯು ಅವರ ಉರ್ದು-ಹಿಂದಿ ಚಿತ್ರ ‘ಗರಂ ಹವಾ’ ಇದಕ್ಕೆ ಒಳ್ಳೆಯ ಎದುರು ಉದಾಹರಣೆ. ಬಲರಾಜ್ ಸಾಹನಿಯವರ ಕೊನೆಯ ಚಿತ್ರಗಳಲ್ಲೊಂದಾದ ಇದರ ದೃಶ್ಯವನ್ನು ಪುಣೆಯಲ್ಲಿ, ಶಬ್ದವನ್ನು ಲಾಸ್ ಏಂಜಲೀಸ್‌ನಲ್ಲಿ ಶುದ್ಧಗೊಳಿಸಿ 2014ರ ನವೆಂಬರಿನಲ್ಲಿ ಚಿತ್ರಮಂದಿರಗಳಿಗೆ ತಂದರು. ದೇಶವಿಭಜನೆಯ ಕಾಲದ ಆಗ್ರಾದ ಮುಸ್ಲಿಂ ಕುಟುಂಬದ ಕಥೆಯನ್ನು ಹೊಸ ಪ್ರೇಕ್ಷಕರು ಹೊಸ ಕಾಲದ ಪ್ರಶ್ನೆಗಳೊಂದಿಗೆ ನೋಡಿದರು. ಇದೇ ಸತ್ಯು ಅನಂತಮೂರ್ತಿಯವರ ಕಥೆಯಿಂದ ತೆಗೆದ ಕನ್ನಡ ಚಿತ್ರ ‘ಬರ’ದಲ್ಲಿ ಅನಂತ ನಾಗ್ ಬರಪೀಡಿತ ಜಿಲ್ಲೆಯ ಡಿ.ಸಿ. ಬರ, ರಾಜಕಾರಣ, ಕೋಮುಗಲಭೆ ಮೂರೂ ಒಂದರೊಳಗೊಂದು ಹೆಣೆದುಕೊಳ್ಳುವುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಇನ್ನೊಂದು ಕನ್ನಡ ಚಿತ್ರ ಇಲ್ಲ. ಪುನರುಜ್ಜೀವನದ ಸಾಲಿನಲ್ಲಿ ಮುಂದಿರಬೇಕಾದ ಚಿತ್ರ ಅದು.

ಮರುಮೌಲ್ಯಮಾಪನ

ಹೊಸ ಅಲೆಯ ಮೇಲಿನ ಒಂದು ಹಳೆಯ ಆಕ್ಷೇಪ, ಅದು ಅಗ್ರಹಾರ ಬಿಟ್ಟು ಹೊರಬರಲಿಲ್ಲ ಎಂಬುದು. ‘ಸಂಸ್ಕಾರ’, ‘ವಂಶವೃಕ್ಷ’, ‘ಘಟಶ್ರಾದ್ಧ’ ಮೂರನ್ನೇ ಎದುರಿಗಿಟ್ಟುಕೊಂಡರೆ ಆಕ್ಷೇಪ ಸರಿ ಎನಿಸುತ್ತದೆ. ಆದರೆ ಕಾಸರವಳ್ಳಿಯವರ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ‘ಘಟಶ್ರಾದ್ಧ’ದ ಅರ್ಥವೇ ಬೇರೆಯಾಗುತ್ತದೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರ, ಮುಳುಗುತ್ತಿರುವ ದ್ವೀಪದಲ್ಲಿ ಮನೆ ಹಿಡಿದು ನಿಲ್ಲುವ ನಾಗಿ, ಮಕ್ಕಳ ಹಕ್ಕಿಗಾಗಿ ಮಸೀದಿಯ ಮುಂದೆ ಕೂರುವ ಹಸೀನಾ, ಮೀನುಗಾರರ ಕೇರಿಯ ಸೂಲಗಿತ್ತಿ ಗುಲಾಬಿ. ಊರು ಒಬ್ಬರನ್ನು ಹೊರಗಿಡುವ ಬಗೆಯನ್ನು ನೋಡುವ ಒಂದೇ ದೀರ್ಘ ವಿಚಾರಣೆಯ ಮೊದಲ ಅಧ್ಯಾಯ ಯಮುನಕ್ಕ. ಅಗ್ರಹಾರ ಕಾಸರವಳ್ಳಿಯವರಿಗೆ ಹೊರಟ ಜಾಗ, ಅವರು ತಲುಪಿದ್ದು ಬೇರೆಡೆ.

‘ಹಸೀನಾ’ (2004) ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಕಥೆಯನ್ನು ಆಧರಿಸಿದ್ದು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದು. 2025ರಲ್ಲಿ ಬಾನು ಅವರ ಕಥೆಗಳ ಅನುವಾದ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಆ ಕಥೆಯನ್ನು ಜಗತ್ತು ಓದುತ್ತಿದೆ. ಚಿತ್ರವನ್ನೂ ಅದರ ಪಕ್ಕದಲ್ಲಿಟ್ಟು ನೋಡುವ ಅವಕಾಶ ಓದುಗರಿಗೆ ಸಿಗಬೇಕು.

‘ಗುಲಾಬಿ ಟಾಕೀಸ್’ (2008) ಮನೆಯ ಪರದೆಯ ವಿಷಯಕ್ಕೆ ಇನ್ನೂ ಹತ್ತಿರದ್ದು. ವೈದೇಹಿಯವರ ಕಥೆಯಿಂದ ಬೆಳೆದ ಈ ಚಿತ್ರದಲ್ಲಿ, ಹೆರಿಗೆ ಮಾಡಿಸಿದ್ದಕ್ಕೆ ಸಿನಿಮಾ ಹುಚ್ಚಿನ ಗುಲಾಬಿಗೆ ಬಣ್ಣದ ಟಿವಿ ಮತ್ತು ಡಿಶ್ ಸಿಗುತ್ತದೆ. ಕೇರಿಯ ಹೆಂಗಸರು ಅವಳ ಗುಡಿಸಲಿಗೆ ಬಂದು ಕೂರುತ್ತಾರೆ. ಮನೆಯ ಪರದೆ ಹೆಂಗಸರಿಗೆ ಏನು ಕೊಟ್ಟಿತು, ಅದೇ ಪರದೆ ಕಾರ್ಗಿಲ್ ಯುದ್ಧದ ದಿನಗಳಲ್ಲಿ ಅದೇ ಮನೆಗೆ ಏನು ತಂದಿತು ಎಂಬುದನ್ನು ಉಮಾಶ್ರೀಯವರ ನಗು ಮತ್ತು ಮೌನದಲ್ಲಿ ಚಿತ್ರ ಹಿಡಿದಿಟ್ಟಿದೆ.

ಮನೆಯ ಪರದೆ: ಹುಮನಾಬಾದ್, ಬಸವಕಲ್ಯಾಣ

ಈ ಚಿತ್ರಗಳು ಮನೆಯ ಪರದೆಗೆ ಎಷ್ಟು ತಲುಪಿವೆ ಎಂದು ತಿಳಿಯಲು ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣಗಳನ್ನು ನೋಡಬಹುದು. ಹುಮನಾಬಾದ್ ಇರುವುದು ಪುಣೆ-ಸೊಲ್ಲಾಪುರ-ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65ರ ಮೇಲೆ. ಬಸವಕಲ್ಯಾಣದವರೂ ಎರಡೂ ಕಡೆ ಹೋಗಲು ಹಿಡಿಯುವ ದಾರಿ ಅದೇ. ‘ಘಟಶ್ರಾದ್ಧ’ದ ನೆಗೆಟಿವ್ ಉಳಿದ ಭಂಡಾರ ಆ ರಸ್ತೆಯ ಪಶ್ಚಿಮದ ತುದಿಯ ಪುಣೆಯಲ್ಲಿದೆ. ಬೆಂಗಳೂರು ಇಲ್ಲಿಂದ ಅದಕ್ಕಿಂತ ಬಹಳ ದೂರ. ಸಿನಿಮಾ ವ್ಯಾಪಾರದಲ್ಲಿ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ರಾಜ್ಯಗಳ ಮರುವಿಂಗಡಣೆಯ ನಂತರವೂ ‘ನೈಜಾಂ’ ಹಂಚಿಕೆ ಪ್ರದೇಶಕ್ಕೇ ಸೇರಿದ್ದವು, ಹೈದರಾಬಾದಿನಿಂದ ಡಬ್ಬಿ ಬರುತ್ತಿತ್ತು. ಹಿಂದಿ, ತೆಲುಗು, ಮರಾಠಿ ಚಿತ್ರಗಳು ಸಲೀಸಾಗಿ ಬಂದ ಈ ಸೀಮೆಗೆ, ಬೆಂಗಳೂರಿನಲ್ಲೇ ಚಿತ್ರಮಂದಿರಕ್ಕೆ ಪರದಾಡಿದ ಕನ್ನಡದ ಕಲಾತ್ಮಕ ಚಿತ್ರಗಳು ಬರುವುದು ದೂರದ ಮಾತಾಗಿತ್ತು. ಕಲ್ಯಾಣದ ಕಥೆಯನ್ನೇ ಹೇಳುವ ‘ಜಗಜ್ಯೋತಿ ಬಸವೇಶ್ವರ’ದಂಥ (1959) ಚಿತ್ರಗಳಿಗೆ ಸಿಕ್ಕ ದಾರಿ ‘ಘಟಶ್ರಾದ್ಧ’ಕ್ಕೆ ಸಿಗಲಿಲ್ಲ.

ಹಾಗಾಗಿ ಈ ಭಾಗದ ಮಟ್ಟಿಗೆ ಹೊಸ ಅಲೆ ಎಂದರೆ ಟಿವಿಯಲ್ಲಿ ಬಂದದ್ದು. 1975-76ರ ಉಪಗ್ರಹ ಟಿವಿ ಪ್ರಯೋಗದಲ್ಲಿ ನೆರೆಯ ಗುಲ್ಬರ್ಗ ಜಿಲ್ಲೆಯ ಹಳ್ಳಿಗಳೂ ಇದ್ದವು. ಕರ್ನಾಟಕದ ಮೊದಲ ದೂರದರ್ಶನ ಕೇಂದ್ರ ಗುಲ್ಬರ್ಗದಲ್ಲೇ 1977ರಲ್ಲಿ ಶುರುವಾಯಿತು. 1980ರ ದಶಕದಲ್ಲಿ ಭಾನುವಾರ ಮಧ್ಯಾಹ್ನ ದೂರದರ್ಶನ ತೋರಿಸುತ್ತಿದ್ದ ಪ್ರಾದೇಶಿಕ ಭಾಷೆಯ ಪ್ರಶಸ್ತಿ ಚಿತ್ರಗಳು ದೇಶದ ಬಹುಪಾಲು ಸಣ್ಣ ಊರುಗಳಿಗೆ ಸಿಕ್ಕ ಏಕೈಕ ಫಿಲ್ಮ್ ಸೊಸೈಟಿ. ಅದು ನಿಂತ ಮೇಲೆ ಆ ಜಾಗವನ್ನು ಯಾರೂ ತುಂಬಲಿಲ್ಲ. ಮೋಸರ್ ಬೇಯರ್‌ನಂಥ ಸಂಸ್ಥೆಗಳು ಅಗ್ಗದ ವಿಸಿಡಿ, ಡಿವಿಡಿ ತಂದಾಗ ಸಂತೆಯಲ್ಲೂ ಕನ್ನಡ ಚಿತ್ರಗಳು ಸಿಕ್ಕವು. ಕೆಲವೇ ವರ್ಷಗಳಲ್ಲಿ ಆ ಕಾಲವೂ ಮುಗಿಯಿತು.

ಈ ಸೀಮೆಗೂ ಕಾಸರವಳ್ಳಿಯವರ ಚಿತ್ರಗಳಿಗೂ ನೇರ ನಂಟಿದೆ. ‘ಕನಸೆಂಬೊ ಕುದುರೆಯನೇರಿ’ (2010) ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯನ್ನು ಆಧರಿಸಿದ್ದು, ಉತ್ತರ ಕರ್ನಾಟಕದ ಬಯಲುಸೀಮೆಯದ್ದು. ಅದರಲ್ಲಿ ಕುಣಿ ತೋಡುವ ಈರ್ಯನ ಪಾತ್ರ ಮಾಡಿದ ವೈಜನಾಥ ಬಿರಾದಾರ ಬೀದರ್ ಜಿಲ್ಲೆಯವರು. ನೂರಾರು ಚಿತ್ರಗಳಲ್ಲಿ ಸಣ್ಣ ಹಾಸ್ಯ ಪಾತ್ರಗಳಿಗೇ ಸೀಮಿತವಾಗಿದ್ದ ನಟನ ಮುಖದಲ್ಲಿ ಇಷ್ಟು ಗಾಂಭೀರ್ಯವಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಈರ್ಯನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಸಾವು ಖಚಿತ. ಈ ಸಲ ಸಿದ್ಧ ಬಂದಿದ್ದಾನೆ, ಸಾವಿನ ಸುದ್ದಿ ಮಾತ್ರ ಇಲ್ಲ. ಗೌಡರ ಮನೆಯವರು ವ್ಯವಹಾರ ಮುಗಿಯುವ ತನಕ ಸಾವನ್ನೇ ಮುಚ್ಚಿಟ್ಟಿದ್ದಾರೆ. ಕನಸು ಸುಳ್ಳಾಯಿತೆಂದು ಕುಸಿಯುವ ಈರ್ಯ ಮತ್ತು ಉಮಾಶ್ರೀಯವರ ರುದ್ರಿ ಇಬ್ಬರನ್ನೂ ಈ ಸೀಮೆಯ ಜನ ತಮ್ಮ ಓಣಿಯಲ್ಲಿ ಕಂಡಿರುತ್ತಾರೆ. ಬಿರಾದಾರರಿಗೆ ಮ್ಯಾಡ್ರಿಡ್‌ನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವ 2011ರಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಕೊಟ್ಟಿತು. ಸ್ಪೇನಿನ ಪ್ರೇಕ್ಷಕರು ಕಂಡ ಈ ಅಭಿನಯವನ್ನು ಹುಮನಾಬಾದಿನ ಪ್ರೇಕ್ಷಕರು ಒಳ್ಳೆಯ ಪ್ರತಿಯಲ್ಲಿ ನೋಡುವಂತಾಗುವುದು ಅವರ ಹಕ್ಕು.

ಹೊರದೇಶಕ್ಕೆ ಹೋಗುವ ಪ್ರತಿಗೆ ಇಂಗ್ಲಿಷ್ ಅಡಿಬರಹ ಇದ್ದೇ ಇರುತ್ತದೆ. ಕರ್ನಾಟಕದ ಪ್ರೇಕ್ಷಕರಿಗೆ ಕನ್ನಡ ಅಡಿಬರಹವೂ ಬೇಕು. ‘ಘಟಶ್ರಾದ್ಧ’ದ ಮಲೆನಾಡಿನ ಬ್ರಾಹ್ಮಣರ ಮಾತು ಉರ್ದು, ಮರಾಠಿ ಬೆರೆತ ಬೀದರಿನ ಕಿವಿಗೆ ಸಲೀಸಲ್ಲ. ‘ಕನಸೆಂಬೊ ಕುದುರೆ’ಯ ಮಾತು ಶಿವಮೊಗ್ಗದವರಿಗೆ ಅಷ್ಟೇ ದೂರ. ಕಿವಿ ಕೇಳಿಸದವರಿಗೂ ಇದರಿಂದ ಅನುಕೂಲ. ಇದಕ್ಕೆ ಬೊಲೋನ್ಯದ ಯಂತ್ರ ಬೇಡ, ಚಿತ್ರ ಬಲ್ಲ ಒಬ್ಬರು ಒಂದು ವಾರ ಕೂತರೆ ಸಾಕು.

ಹಕ್ಕು ಮತ್ತು ಹಣ

ಚಿತ್ರದ ಹಕ್ಕುಸ್ವಾಮ್ಯ ಮೊದಲಿಗೆ ನಿರ್ಮಾಪಕರದು, ನಿರ್ದೇಶಕರದಲ್ಲ. 1970ರ ದಶಕದ ಚಿತ್ರಗಳ ಹಕ್ಕು 2030ರ ದಶಕದವರೆಗೂ ನಡೆಯುತ್ತದೆ. ನಿರ್ಮಾಪಕರು ತೀರಿಕೊಂಡ ಮೇಲೆ ಅದು ವಾರಸುದಾರರ ನಡುವೆ ಹಂಚಿಹೋಗುತ್ತದೆ. ಟಿವಿ ಹಕ್ಕು ಒಬ್ಬರಿಗೆ, ವಿಡಿಯೋ ಹಕ್ಕು ಇನ್ನೊಬ್ಬರಿಗೆ ಮಾರಿದ ಹಳೆಯ ಕರಾರುಗಳು ಬೇರೆ. ನೆಗೆಟಿವ್ ಒಂದು ಕಡೆ, ಸಹಿ ಹಾಕಬೇಕಾದವರು ಹತ್ತು ಕಡೆ. ಹಣಕ್ಕಿಂತ ಮೊದಲು ಕೆಲಸ ನಿಲ್ಲುವುದು ಇಲ್ಲಿ.

ಹಣದ ದಾರಿ ಈಚೆಗೆ ಸ್ವಲ್ಪ ತೆರೆದಿದೆ. ರಾಷ್ಟ್ರೀಯ ಚಲನಚಿತ್ರ ಪರಂಪರೆ ಮಿಷನ್ ಅಡಿ 2,200 ಚಿತ್ರಗಳ ಪುನರುಜ್ಜೀವನಕ್ಕೆ 363 ಕೋಟಿ ರೂಪಾಯಿ ಕೊಡುವುದಾಗಿ ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿತು. ಲೆಕ್ಕ ಹಾಕಿದರೆ ಚಿತ್ರಕ್ಕೆ ಸರಾಸರಿ ಹದಿನಾರೂವರೆ ಲಕ್ಷ. ಧೂಳು, ಗೀರು ತೆಗೆಯಲು ಆದೀತು. ಹಾಳಾದ ನೆಗೆಟಿವ್ ಅನ್ನು ಅಡಿಅಡಿಯಾಗಿ ಎತ್ತುವ ಕೆಲಸಕ್ಕೆ ಅದು ಸಾಲದು, ಅಂಥ ಚಿತ್ರಗಳನ್ನು ಆರಿಸಿ ಹೆಚ್ಚು ಕೊಡಬೇಕಾಗುತ್ತದೆ. ಜೊತೆಗೆ ಖರ್ಚು ಹೆಚ್ಚಿಲ್ಲದ, ತಡ ಮಾಡಬಾರದ ಒಂದು ಕೆಲಸವಿದೆ. ಈ ಚಿತ್ರಗಳಲ್ಲಿ ದುಡಿದ ನಟರು, ಸಂಕಲನಕಾರರು, ಶಬ್ದಗ್ರಾಹಕರು, ಲೇಖಕರು ಚಿತ್ರದ ಎದುರು ಕೂತು, ದೃಶ್ಯದಿಂದ ದೃಶ್ಯಕ್ಕೆ ತಾವು ಏನು ಮಾಡಿದೆವೆಂದು ಹೇಳುವುದನ್ನು ಕನ್ನಡದಲ್ಲಿ ದಾಖಲಿಸಿ ಪ್ರತಿಯ ಜೊತೆ ಸೇರಿಸುವುದು. ಸದಾನಂದ ಸುವರ್ಣರ ಮಾತು, ಎಸ್. ರಾಮಚಂದ್ರರ ಮಾತು ಇನ್ನು ಹಾಗೆ ಸಿಗುವುದಿಲ್ಲ. ಕಾಸರವಳ್ಳಿ, ಉಮಾಶ್ರೀ, ವೈಜನಾಥ ಬಿರಾದಾರರ ಮಾತು ಸಿಗುತ್ತದೆ.